ಉಷ್ಣಕ್ಕೆ ಬಿಸಿನೀರು

ಮದುವೆಯಲ್ಲಿ ಅಪ್ಪ ಕೊಟ್ಟ ಸಾಮಾನಿನಲ್ಲಿ ಒಂದು ಟೇಬಲ್ ಫ್ಯಾನ್ ಇತ್ತು. ಅದರಿಂದಾಗಿ ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ನನಗಿದ್ದ ಹೆಸರು ಹೋಗಿ 'ಫ್ಯಾನ್ ಸೊಸೆ' ಎಂಬ ಹೆಸರು ಬಂತು. ಹಾಲಿನವನಿಂದ ಹಿಡಿದು ಹೂವಿನವಳ ತನಕ ಎಲ್ಲರೂ ಹಾಗೇ ಗುರುತಿಸುತ್ತಿದ್ದರು.

ಅಪ್ಪನದೇನೂ ತಪ್ಪಿಲ್ಲ. ನಾವು ರಾಯಚೂರಿನವರು. ನಮ್ಮ ಕಡೆ ಮಗಳಿಗೆ ಕೊಡ ಕೊಟ್ಟಷ್ಟೇ ಸಹಜವಾಗಿ ಫ್ಯಾನನ್ನೂ ಕೊಡುತ್ತಾರೆ. ಅದರ ರೆಕ್ಕೆ ಸೊಟ್ಟಗಾದೀತೆಂದು ಅಪ್ಪ ರಾತ್ರಿಯಿಡೀ ರೈಲಿನ ಜನರಲ್ ಬೋಗಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತು ಬಂದಿದ್ದರು. ಬೆಂಗಳೂರಿನಲ್ಲಿ ಫ್ಯಾನ್ ಇಟ್ಟುಕೊಳ್ಳುವುದು ಅವಮಾನದ ಸಂಗತಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಎಂಬತ್ತರ ದಶಕದ ಬೆಂಗಳೂರಿನವರಿಗೆ ಎರಡು ವಿಷಯಗಳಲ್ಲಿ ವಿಪರೀತ ಜಂಬ. ಒಂದು ಕಾವೇರಿ ನೀರು, ಇನ್ನೊಂದು ಹವೆ. ನೀರು ದಿನ ಬಿಟ್ಟು ದಿನ ಬರುತ್ತಿದ್ದರಿಂದ ಆ ಜಂಬವೂ ದಿನ ಬಿಟ್ಟು ದಿನ ಬರುತ್ತಿತ್ತು. ಹವೆಯ ಜಂಬಕ್ಕೆ ಮಾತ್ರ ರಜೆಯೇ ಇರಲಿಲ್ಲ. ಈ ಎರಡನೆಯ ಜಂಬದ ಮುಖ್ಯ ಕಚೇರಿ ನಮ್ಮ ಮನೆಯಲ್ಲೇ ಇತ್ತು. ನಮ್ಮ ಮಾವನೇ ಅದರ ಹೆಡ್ಡು.

ಮಾವ ಒಂದು ಮಿಲ್ಲಿನ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆಗಿದ್ದರು. ಗೇಟಿನಲ್ಲಿ ಹಾಜರಿ ಟೋಕನ್ ತೆಗೆದುಕೊಂಡು, ಯಾವ ಕಾರ್ಮಿಕ ಎಷ್ಟು ನಿಮಿಷ ತಡವಾಗಿ ಬಂದ ಎಂದು ನೋಡಿಕೊಳ್ಳುವ ಕೆಲಸ. ಮಿಲ್ಲು ಬಿಟ್ಟ ಮೇಲೆ ಆ ಕೆಲಸವನ್ನು ಮನೆಯಲ್ಲಿ ಮುಂದುವರಿಸಿದ್ದರು. ಉಣ್ಣೆಯ ಕಂದು ಕೋಟು, ಕುತ್ತಿಗೆಗೆ ಬೂದು ಮಫ್ಲರು. ಚೈತ್ರ ಬರಲಿ, ವೈಶಾಖ ಬರಲಿ, ಹೊರಗೆ ಹೊರಟರೆಂದರೆ ಅದೇ ವೇಷ. ಫ್ಯಾನನ್ನು ಕಂಡ ದಿನ ಅದರ ಸುತ್ತ ಒಂದು ಸುತ್ತು ಬಂದು, "ಇದು ಬೆಂಗಳೂರಮ್ಮ, ನಿಮ್ಮ ರಾಯಚೂರಲ್ಲ" ಎಂದರು. ಅವತ್ತೇ ಅದಕ್ಕೆ ಹಳೆಯ ಸೀರೆ ಸುತ್ತಿ ಅಟ್ಟ ಹತ್ತಿಸಲಾಯಿತು.

ಬೆಂಗಳೂರೇನೋ ತಂಪಾಗಿದ್ದಿರಬಹುದು, ನಮ್ಮ ಮನೆ ಇರಲಿಲ್ಲ. ನಮ್ಮದು ಓನರ್ ಮನೆಯ ತಾರಸಿ ಮೇಲೆ ಎಬ್ಬಿಸಿದ ಎರಡು ಕೋಣೆ, ಒಂದು ಬಚ್ಚಲು. ಮೇಲೆ ಸಿಮೆಂಟ್ ಶೀಟು. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಆ ಶೀಟು ಬಿಡುತ್ತಿದ್ದ ಕಾವಿಗೆ ತಲೆಯ ಎಣ್ಣೆ ತಾನೇ ಹಣೆಗಿಳಿಯುತ್ತಿತ್ತು. ಅದರ ಕೆಳಗೆ ಕೂತು ಮಾವ, "ಏನ್ ಹವೆ ಅಂತೀಯ ನಮ್ ಊರ್ದು!" ಎನ್ನುತ್ತಿದ್ದರು. ನನ್ನ ಗಂಡ ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದವರು, ದಿನವಿಡೀ ಕಬ್ಬಿಣದ ಕಾವಿನಲ್ಲಿ ಬೆಂದು ಬಂದು, ಅಪ್ಪನ ಮಾತಿಗೆ "ಹೂಂ" ಎನ್ನುತ್ತಿದ್ದರು. ಆ ಮನೆಯಲ್ಲಿ ಗಂಡಸರು ಹವೆಯ ಬಗ್ಗೆ ಸುಳ್ಳು ಹೇಳುವುದು ಪಿತೃಭಕ್ತಿಯ ಒಂದು ಭಾಗವಾಗಿತ್ತು.

ಅಲ್ಲಿ ನಾನು ಕಲಿತ ಮೊದಲ ಪಾಠ ಉಷ್ಣ-ಶೀತದ್ದು. ಗುರುಗಳು ಅತ್ತೆ. ಜಗತ್ತಿನ ಸಕಲ ಪದಾರ್ಥಗಳೂ ಈ ಎರಡು ಪಕ್ಷಗಳಲ್ಲಿ ಒಂದಕ್ಕೆ ಸೇರಿರಲೇಬೇಕು, ಪಕ್ಷೇತರರಿಗೆ ಟಿಕೆಟ್ಟಿಲ್ಲ. ಪರಂಗಿ ಹಣ್ಣು ಉಷ್ಣ, ಸೀಬೆಹಣ್ಣು ಶೀತ. ಮಾವು ಉಷ್ಣ, ಬಾಳೆ ಶೀತ. ಬಾಯಲ್ಲಿ ಹುಣ್ಣಾದರೆ ಉಷ್ಣ, ಕಣ್ಣು ಕೆಂಪಾದರೆ ಉಷ್ಣ, ಮುಖದಲ್ಲಿ ಗುಳ್ಳೆ ಎದ್ದರೆ ಉಷ್ಣ, ಗಂಡ ಕಾರಣವಿಲ್ಲದೆ ರೇಗಿದರೆ ಅದೂ ಪಾಪ ಉಷ್ಣವೇ. ಇಷ್ಟುದ್ದದ ಪಟ್ಟಿಯಲ್ಲಿ ಬಿಸಿಲಿನ ಹೆಸರೇ ಇರಲಿಲ್ಲ. ಉಷ್ಣ ಹುಟ್ಟುವುದು ಹೊಟ್ಟೆಯಲ್ಲಿ, ಆಕಾಶದಲ್ಲಲ್ಲ.

ಮದ್ದು ಇನ್ನೂ ಸ್ವಾರಸ್ಯದ್ದು. ನೆತ್ತಿಯಿಂದ ಪಾದದ ತನಕ ಹರಳೆಣ್ಣೆ ತಿಕ್ಕಿ, ಹಂಡೆಯ ನೀರನ್ನು ಕೈ ಇಡಲಾಗದಷ್ಟು ಕಾಯಿಸಿ, ತಲೆಯ ಮೇಲೆ ಚೊಂಬುಗಟ್ಟಲೆ ಹೊಯ್ಯುವುದು. ಉಷ್ಣ ಇಳಿಸಲು ಬಿಸಿನೀರು! ಮೊದಲ ಸಲ ಕೇಳಿದಾಗ ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. "ನಿಮ್ ಕಡೆ ಸ್ನಾನಾನೇ ಮಾಡಲ್ವೇನೋ" ಎಂದರು. ಶನಿವಾರದ ಎಣ್ಣೆಸ್ನಾನ ಸುಖವಾಗಿರುತ್ತದೆ, ಒಪ್ಪುತ್ತೇನೆ. ಮೈ ಹಗುರಾಗುತ್ತದೆ, ಒಳ್ಳೆಯ ನಿದ್ದೆ ಬರುತ್ತದೆ. ಆದರೆ ಸುಖಕ್ಕೆ ಮಾಡುವುದನ್ನೆಲ್ಲ ಮದ್ದು ಎಂದು ಕರೆಯಲಾಗುತ್ತದೆಯೆ?

ನಮ್ಮ ರಾಯಚೂರಿನವರೂ ಮಹಾ ಪಂಡಿತರೇನಲ್ಲ. ಬಿಸಿಲಿಗೆ ಹೊರಟರೆ ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಳ್ಳುತ್ತಾರೆ. ಅದು ಬಿಸಿಲನ್ನು ಹೀರಿಕೊಳ್ಳುತ್ತದಂತೆ. ಅಪ್ಪನ ಅಂಗಿಗಳೆಲ್ಲ ಈರುಳ್ಳಿ ನಾತ ಹೊಡೆದದ್ದು ಬಿಟ್ಟರೆ ಬೇರೇನೂ ಹೀರಿದ್ದನ್ನು ನಾನು ನೋಡಿಲ್ಲ. ಆದರೆ ನಮ್ಮಲ್ಲಿ ಒಂದು ಮಾತಿತ್ತು, 'ಬಿಸಲ ಬಡದದ'. ಬಿಸಿಲು ಬಡಿದಿದೆ. ಅದೊಂದು ಏಟು, ಅದರಿಂದ ಸಾಯುತ್ತಾರೆ ಎಂದು ನಮ್ಮ ಕಡೆ ಹತ್ತು ವರ್ಷದ ಹುಡುಗಿಗೂ ಗೊತ್ತಿರುತ್ತದೆ. ತಲೆ ನೋಯುತ್ತದೆ, ಹೊಟ್ಟೆ ತೊಳಸುತ್ತದೆ, ಕಾಲಿನ ಮೀನಖಂಡ ಹಿಡಿಯುತ್ತದೆ. ಅಷ್ಟರಲ್ಲೇ ನೆರಳಿಗೆ ಕರೆತಂದು, ಉಪ್ಪು ಸಕ್ಕರೆ ಕದಡಿದ ನಿಂಬೆ ಶರಬತ್ತು ಕುಡಿಸಿದರೆ ಬದುಕಿದ ಹಾಗೆ. ಮೈ ಕೆಂಡದ ಹಾಗೆ ಸುಡುತ್ತಿದ್ದೂ ಬೆವರು ನಿಂತುಹೋಗಿ, ಮಾತು ಎಲ್ಲೆಲ್ಲಿಗೋ ಹೋಗತೊಡಗಿದರೆ ಶರಬತ್ತಿನ ಹೊತ್ತು ಮುಗಿಯಿತು. ಮೈಮೇಲೆ ತಣ್ಣೀರು ಸುರಿಯುತ್ತ ಆಸ್ಪತ್ರೆಗೆ ಓಡಬೇಕು.

ಮದುವೆಯಾಗಿ ಎರಡು ತಿಂಗಳಿಗೆ ಕುರುಬರಹಳ್ಳಿಯ ನೆಂಟರೊಬ್ಬರ ಮನೆಯಲ್ಲಿ ನಾಮಕರಣವಿತ್ತು. ಊಟದ ಪಂಕ್ತಿಯಲ್ಲಿ ಮಾವ ನನ್ನ ಫ್ಯಾನಿನ ಕಥೆ ತೆಗೆದರು. "ನಮ್ ಬೀಗ್ರು ಮಗಳ ಜೊತೆ ಗಾಳೀನೂ ಕಟ್ಟಿ ಕಳ್ಸಿದಾರೆ ಕಣ್ರೀ! ಬೆಂಗಳೂರಲ್ಲಿ ಗಾಳಿ ಸಿಗಲ್ಲ ಅಂತ ಯಾರೋ ಹೇಳಿದ್ರಂತೆ ಪಾಪ, ಬೋಳೇ ಸ್ವಭಾವ." ಇಡೀ ಪಂಕ್ತಿ ಗೊಳ್ಳೆಂದು ನಕ್ಕಿತು. ನಾನು ಹೋಳಿಗೆಗೆ ತುಪ್ಪ ಬಡಿಸುತ್ತಿದ್ದೆ. ತೊಡೆಯ ಮೇಲೆ ಫ್ಯಾನಿಟ್ಟುಕೊಂಡು ರೈಲಿನಲ್ಲಿ ತೂಕಡಿಸುತ್ತಿದ್ದ ಅಪ್ಪ ಕಣ್ಣಿಗೆ ಕಟ್ಟಿದರು. ಮಾವನ ಎಲೆಗೆ ತುಪ್ಪ ಹಾಕದೆ ಮುಂದೆ ಹೋದೆ. ನನ್ನ ಕೈಲಾದ ಪ್ರತೀಕಾರ ಅಷ್ಟೇ. ಆಮೇಲೆ ಐದಾರು ದಿನ "ಊಟಕ್ಕೆ ಬನ್ನಿ" ಎನ್ನುವುದು ಬಿಟ್ಟರೆ ಅವರ ಜೊತೆ ಮಾತಾಡಲಿಲ್ಲ. ಮಾವನಿಗೆ ಅದು ಗೊತ್ತೇ ಆಗಲಿಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆ ವಾರದ ಶನಿವಾರ ರೇಷನ್ ಅಂಗಡಿಗೆ ಸೀಮೆಎಣ್ಣೆ ಬಂದಿದೆಯೆಂದು ಸುದ್ದಿ ಬಂತು. ಒಂಬತ್ತೂವರೆಗೆ ಮಾವ ಕ್ಯಾನ್ ಹಿಡಿದು, ಕೋಟು ಮಫ್ಲರ್ ಧರಿಸಿ, ಮಾಗಡಿ ರೋಡಿನ ಕಡೆ ಹೊರಟರು. ಆ ಕ್ಯೂಗೆ ಮೊದಲೂ ಇರಲಿಲ್ಲ, ಕೊನೆಯೂ ಇರಲಿಲ್ಲ. ಮರವಂತೂ ಇರಲೇ ಇಲ್ಲ. ಅವರು ವಾಪಸು ಬಂದಾಗ ಎರಡು ಗಂಟೆ ಹತ್ತಿರವಾಗಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸರಿಯಾಗಿ ಬೀಳುತ್ತಿರಲಿಲ್ಲ. ನಾನು ಇಳಿದುಹೋಗಿ ಕೈಯಿಂದ ಕ್ಯಾನ್ ತೆಗೆದುಕೊಂಡೆ. ಅವರ ಬೆರಳು ನನ್ನ ಬೆರಳಿಗೆ ತಾಗಿತು. ಹಪ್ಪಳದ ಹಾಗೆ ಒಣಗಿತ್ತು, ಸುಡುತ್ತಿತ್ತು. ಮುಖ ಕೆಂಪಗೆ ಊದಿಕೊಂಡಿತ್ತು. ಉಣ್ಣೆಯ ಕೋಟು ಹಾಕಿಕೊಂಡು ನಾಲ್ಕು ಗಂಟೆ ಬಿಸಿಲಿನಲ್ಲಿ ನಿಂತ ಮನುಷ್ಯನ ಹಣೆಯಲ್ಲಿ ಒಂದು ಹನಿ ಬೆವರಿಲ್ಲ.

ನನಗೆ ಗೊತ್ತಾಯಿತು. ಇಲ್ಲಿ ಸುಳ್ಳು ಹೇಳಿ ಉಪಯೋಗವಿಲ್ಲ, ಆ ಕ್ಷಣದಲ್ಲೇ ಗೊತ್ತಾಯಿತು.

"ನೀರು ಕೊಡ್ಲಾ?" ಎಂದೆ.

"ಬಿಸಿಲಿಂದ ಬಂದ ತಕ್ಷಣ ನೀರು ಕುಡೀಬಾರ್ದಮ್ಮ, ಶೀತ ಆಗತ್ತೆ" ಎಂದರು. ಆಮೇಲೆ ಇಷ್ಟಗಲ ನಕ್ಕು, "ನಿಮ್ಮಪ್ಪಂಗೆ ಬರಿ, ಇನ್ನೊಂದು ಫ್ಯಾನು ಕಳ್ಸು ಅಂತ" ಎಂದರು.

ನಾಲಿಗೆ ತುದಿಗೆ ಬಂದಿದ್ದ ಮಾತು ಅಲ್ಲೇ ನಿಂತಿತು. ಆಯಿತು ಮಹಾರಾಯರೇ, ಬೆಂಗಳೂರಲ್ಲವೆ, ಅನುಭವಿಸಿ, ಎಂದುಕೊಂಡೆ. ಹೀಗೇ ಅಂದುಕೊಂಡೆ, ಇದರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇಲ್ಲ.

ಮಾವ ಊಟ ಬೇಡವೆಂದು ಚಾಪೆ ಮೇಲೆ ಮಲಗಿದರು. ತಲೆ ಸಿಡಿಯುತ್ತಿದೆ ಎಂದರು. ಅತ್ತೆ ಹಣೆ ಮುಟ್ಟಿ ನೋಡಿ ತೀರ್ಪು ಕೊಟ್ಟರು. "ಉಷ್ಣ ಆಗಿದೆ. ನಿನ್ನೆ ಮಾವಿನಹಣ್ಣು ತಿನ್ಬೇಡಿ ಅಂದೆ, ಕೇಳಿದ್ರಾ? ಹೆಂಗೂ ಶನಿವಾರ. ಹೋಗಮ್ಮ, ಹಂಡೆಗೆ ಉರಿ ಹಾಕು, ಎಣ್ಣೆ ನೀರು ಹಾಕ್ಬಿಡೋಣ."

ನಾನು ಹೋಗಿ ಉರಿ ಹಾಕಿದೆ. ತೆಂಗಿನ ಗರಿ, ಮೇಲೆ ಎರಡು ಸೌದೆ. ಒಲೆಯ ಮುಂದೆ ಕೂತು ಊದುಕೊಳವೆ ಊದುತ್ತ ಒಳಗೊಳಗೇ ಹೆದರುತ್ತಿದ್ದೆ, ಹೆದರುತ್ತಲೇ ಊದುತ್ತಿದ್ದೆ. ಸುಮ್ಮನೆ ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬೈಸಿಕೊಳ್ಳುತ್ತಿದ್ದೆ, ನಗೆಪಾಟಲಾಗುತ್ತಿದ್ದೆ, ಅಷ್ಟೇ ತಾನೇ. ಇನ್ನೊಂದು ಸಲ ಅವರ ನಗು ಕೇಳಲು ನನಗೆ ಇಷ್ಟವಿರಲಿಲ್ಲ.

ನಮ್ಮ ಬಚ್ಚಲಿಗೆ ಕಿಟಕಿ ಇರಲಿಲ್ಲ. ಮೇಲೆ ಶೀಟು, ಪಕ್ಕದಲ್ಲಿ ಉರಿಯುವ ಒಲೆ, ನಡುವೆ ಹಬೆ. ಅತ್ತೆ ಗಂಡನಿಗೆ ಮೈತುಂಬ ಹರಳೆಣ್ಣೆ ಬಳಿದು ಒಳಗೆ ಕಳಿಸಿದರು. ತಗಡಿನ ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಚೊಂಬಿನ ಸದ್ದು ಕೇಳಿಸಿತು. ಒಂದು, ಎರಡು, ಮೂರು. ನಾಲ್ಕನೆಯದು ಸುರಿದ ಸದ್ದಲ್ಲ, ಚೊಂಬು ಕಲ್ಲಿನ ಮೇಲೆ ಬಿದ್ದು ಉರುಳಿದ ಸದ್ದು.

"ರೀ?" ಎಂದರು ಅತ್ತೆ. ಒಳಗಿನಿಂದ ಉತ್ತರ ಬಂತು. ಆದರೆ ಅದು ನಮಗಲ್ಲ. "ಎರಡನೇ ಶಿಫ್ಟು... ಗೇಟ್ ಮುಚ್ಚಯ್ಯ... ಟೋಕನ್ ಎಲ್ಲಿ, ಟೋಕನ್..." ಮಾವ ಮೂವತ್ತು ವರ್ಷ ಹಿಂದಿನ ಯಾರನ್ನೋ ಗದರಿಸುತ್ತಿದ್ದರು.

ಆಗ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಓಡಿಹೋಗಿ ಬಾಗಿಲಿಗೆ ಹೆಗಲು ಕೊಟ್ಟೆ. ಓನರ್ ಹಾಕಿಸಿದ್ದ ಚಿಲಕ ಎಷ್ಟು ಕಳಪೆಯೆಂದರೆ ಎರಡನೇ ಗುದ್ದಿಗೇ ಮೊಳೆಸಮೇತ ಕಿತ್ತು ಬಂತು. ಅಷ್ಟು ವರ್ಷದಲ್ಲಿ ಆ ಮನೆ ನಮಗೆ ಮಾಡಿದ ಏಕೈಕ ಉಪಕಾರ ಅದು. ಮಾವ ಗೋಡೆಗೊರಗಿ ಕೂತಿದ್ದರು, ಕಣ್ಣು ಅರೆ ತೆರೆದಿತ್ತು.

"ಬಿಸಲ ಬಡದದ! ಅತ್ತಿ, ಮಾವಾರಿಗೆ ಬಿಸಲ ಬಡದದ!" ಎಂದು ಕೂಗಿಕೊಂಡೆ. ಎರಡು ತಿಂಗಳಿಂದ ಕಷ್ಟಪಟ್ಟು ಕಲಿತಿದ್ದ ಬೆಂಗಳೂರು ಕನ್ನಡವೆಲ್ಲ ಆ ಹಬೆಯಲ್ಲಿ ಆವಿಯಾಗಿತ್ತು.

"ಯಾರು ಬಡಿದ್ರು?" ಎಂದರು ಅತ್ತೆ.

ನಾನು ತೊಟ್ಟಿಯಿಂದ ಒಂದು ಬಕೆಟ್ ತಣ್ಣೀರು ಎತ್ತಿ ಮಾವನ ತಲೆಯ ಮೇಲೆ ಸುರಿದೆ. ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು. "ಎಣ್ಣೆ ಮೈಗೆ ತಣ್ಣೀರಾ! ನ್ಯುಮೋನಿಯಾ ಆಗತ್ತೆ ಕಣೇ, ಸಾಯಿಸ್ಬಿಡ್ತೀಯಾ!" ನಾನು ಬಕೆಟ್ ಎಳೆದೆ, ಅವರೂ ಎಳೆದರು. ಒಂದು ಜೀವ ಗೋಡೆಗೊರಗಿ ಟೋಕನ್ ಕೇಳುತ್ತಿದ್ದರೆ, ಅತ್ತೆ ಸೊಸೆ ಇಬ್ಬರೂ ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಕಿತ್ತಾಡುತ್ತಿದ್ದೆವು. ಕೊನೆಗೆ ನಾನು ಅತ್ತೆಯನ್ನು ನೂಕಿದೆ. ಹಾಗೆ ನೂಕಿದ್ದು ಮೊದಲನೆಯ ಸಲ, ಕೊನೆಯ ಸಲವೂ.

ಹೊರಗೆ ತರುವುದು ಇನ್ನೊಂದು ಪಾಡು. ಹರಳೆಣ್ಣೆ ಬಳಿದ ಗಂಡಸನ್ನು ಎತ್ತಿ ನೋಡಿದವರಿಗೆ ಮಾತ್ರ ಅದು ಗೊತ್ತು. ಕಂಕುಳಿಗೆ ಕೈ ಕೊಟ್ಟರೆ ಜಾರುತ್ತಾರೆ, ಕಾಲು ಹಿಡಿದರೆ ಜಾರುತ್ತಾರೆ. ಗಲಾಟೆ ಕೇಳಿ ಕೆಳಗಿನಿಂದ ಓನರ್ ಆಂಟಿ ಓಡಿಬಂದರು. ಮೂವರೂ ಸೇರಿ ಜಮಖಾನದ ಮೇಲೆ ಹೊರಳಿಸಿ, ಅದನ್ನೇ ಎಳೆದುಕೊಂಡು ನಡುಮನೆಗೆ ತಂದೆವು. ನಾನು ಒದ್ದೆ ಮಾಡಿದ ಹತ್ತಿ ಸೀರೆ ಹೊದಿಸಿದೆ. ಟ್ರಂಕಿನ ಮೇಲೆ ಹತ್ತಿ ಅಟ್ಟದಿಂದ ಫ್ಯಾನ್ ಇಳಿಸಿ, ಮನೆಗಿದ್ದ ಒಂದೇ ಪ್ಲಗ್ಗಿನಿಂದ ರೇಡಿಯೋ ಕಿತ್ತು ಅದನ್ನು ಸಿಕ್ಕಿಸಿದೆ. ಪುಣ್ಯಕ್ಕೆ ಕರೆಂಟಿತ್ತು. ಇಡೀ ಬೀದಿಗೆ ಒಂದೇ ಫ್ರಿಜ್ ಇದ್ದದ್ದು ಓನರ್ ಆಂಟಿಯ ಮನೆಯಲ್ಲಿ. ಅದರ ಮೇಲಿನ ಕಸೂತಿ ಬಟ್ಟೆ ಸರಿಸಲೂ ಅವರು ಯಾರನ್ನೂ ಬಿಡುತ್ತಿರಲಿಲ್ಲ. ಅವತ್ತು ಐಸಿನ ಟ್ರೇ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಕುತ್ತಿಗೆಗೆ, ಕಂಕುಳಿಗೆ ಐಸಿಟ್ಟೆವು.

ಅತ್ತೆ ಲೋಟದಲ್ಲಿ ಜೀರಿಗೆ ಕಷಾಯ ತಂದು ಗಂಡನ ಬಾಯಿಗೆ ಹಿಡಿದರು. "ಬ್ಯಾಡ್ರಿ ಅತ್ತಿ, ಎಚ್ಚರ ಇಲ್ಲದೋರಿಗೆ ಕುಡಿಸಬಾರದು, ನೆತ್ತಿಗೆ ಹತ್ತತದ" ಎಂದು ಕೈ ಹಿಡಿದೆ. ಈ ಸಲ ಅವರು ಎಳೆದಾಡಲಿಲ್ಲ. ಲೋಟ ಕೆಳಗಿಟ್ಟು, "ಉಳೀತಾರೇನೇ?" ಎಂದರು. ಇವರು ಹೋದರೆ ಕೊಂದದ್ದು ಬಿಸಿಲಲ್ಲ, ನಾನು ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಆಟೋದಲ್ಲಿ ವಿಜಯನಗರದ ನರ್ಸಿಂಗ್ ಹೋಮಿಗೆ ಒಯ್ದೆವು. ದಾರಿಯುದ್ದಕ್ಕೂ ನಾನು ಬಿಂದಿಗೆಯಿಂದ ನೀರು ಚಿಮುಕಿಸುತ್ತಿದ್ದೆ, ಆಟೋದವನು ಸೀಟು ಹಾಳಾಯಿತೆಂದು ಬೈಯುತ್ತಿದ್ದ, ಬೈಯುತ್ತಲೇ ಯಾವ ಸಿಗ್ನಲ್ಲಿಗೂ ನಿಲ್ಲಿಸದೆ ಓಡಿಸಿದ. ಡಾಕ್ಟರು ಡ್ರಿಪ್ ಹಾಕಿಸಿ, ಏನಾಯಿತು ಎಂದು ಕೇಳಿದರು.

"ಉಷ್ಣ ಆಗಿತ್ತು ಡಾಕ್ಟ್ರೇ, ಅದಕ್ಕೇ ಬಿಸಿನೀರು ಹಾಕಿದ್ವಿ" ಎಂದರು ಅತ್ತೆ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಸನ್ ಸ್ಟ್ರೋಕ್ ಅಮ್ಮ ಇದು. ನಮ್ ಬೆಂಗಳೂರಲ್ಲಿ ಆಗತ್ತೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ. ತಣ್ಣೀರು ಹಾಕಿದ್ದು ಯಾರು? ಅವರಿಂದ ಉಳ್ಕೊಂಡ್ರು." ಎಲ್ಲರೂ ನನ್ನ ಕಡೆ ನೋಡಿದರು. ಅಷ್ಟರಲ್ಲಿ ವರ್ಕ್‌ಶಾಪಿನಿಂದ ಓಡಿಬಂದಿದ್ದ ನನ್ನ ಗಂಡನೂ ನೋಡಿದರು. ನಾನು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ತೊಳೆದುಕೊಂಡೆ, ತುಂಬ ಹೊತ್ತು.

ಮಾವ ನಾಲ್ಕನೆಯ ದಿನ ಮನೆಗೆ ಬಂದರು. ಬಂದವರು ಬೇರೆಯೇ ಮನುಷ್ಯ. ಕೋಟು ಪೆಟ್ಟಿಗೆ ಸೇರಿತು. ಹನ್ನೊಂದು ಗಂಟೆಯ ಮೇಲೆ ಬೀದಿಯಲ್ಲಿ ಯಾರಾದರೂ ಹೊರಟರೆ ತಾರಸಿಯಿಂದಲೇ ಗದರುತ್ತಿದ್ದರು. "ಏ, ಎಲ್ಲಿಗಯ್ಯಾ ಈ ಬಿಸಿಲಲ್ಲಿ? ಕೊಡೆ ಎಲ್ಲಿ? ಮಜ್ಜಿಗೆ ಕುಡಿದ್ಯಾ?" ಮಿಲ್ಲಿನ ಗೇಟು ಕಾದ ಅಭ್ಯಾಸ ಅಂತೂ ಬೀದಿಯ ಉಪಯೋಗಕ್ಕೆ ಬಂತು. ನೀರಿನ ಮಡಕೆಯನ್ನು ಹೊಸ್ತಿಲ ಪಕ್ಕಕ್ಕೇ ತಂದಿಟ್ಟರು, ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದರು. ಬೆಂಗಳೂರಿನ ಮಾನ ಮಾತ್ರ ಬಿಟ್ಟುಕೊಡಲಿಲ್ಲ. "ಈ ಬಿಸಿಲು ನಮ್ದಲ್ಲ, ನಮ್ ಸೊಸೆ ರಾಯಚೂರಿಂದ ಟ್ರಂಕಲ್ಲಿ ತಂದಿದ್ದು" ಎನ್ನುತ್ತಿದ್ದರು. ಆಮೇಲೆ ಗಂಭೀರವಾಗಿ, "ಇವಳಿಲ್ದಿದ್ರೆ ನಾನು ಅವತ್ತೇ ಹೋಗ್ಬಿಡ್ತಿದ್ದೆ. ಜೀವ ಉಳಿಸಿದ ಮಗಳು" ಎನ್ನುತ್ತಿದ್ದರು.

ಆ ಕಥೆ ಅವರ ಬಾಯಲ್ಲಿ ಬೆಳೆಯುತ್ತ ಹೋಯಿತು. ನೆಂಟರಿಗೆ, ಗ್ಯಾಸಿನವನಿಗೆ, ಓಟು ಕೇಳಲು ಬಂದವರಿಗೆ, ಎಲ್ಲರಿಗೂ ಹೇಳಿದರು. ರಾಯಚೂರಿಗೆ ಹೋಗಿ ಅಪ್ಪನ ಎದುರು, ಕೈ ಮುಗಿದು, ಹೇಳಿದರು. ಅಪ್ಪ ಕಣ್ಣೊರೆಸಿಕೊಂಡರು. ನಾನು ಅಡಿಗೆಮನೆಯಲ್ಲಿ ರೊಟ್ಟಿ ಸುಟ್ಟುಹಾಕಿದೆ. ಪ್ರತಿ ಸಲ ಅವರು 'ಜೀವ ಉಳಿಸಿದ ಮಗಳು' ಎಂದಾಗ ಒಲೆಯ ಮುಂದೆ ಊದುಕೊಳವೆ ಹಿಡಿದು ಕೂತ ಹೆಂಗಸೊಬ್ಬಳು ನನಗೆ ಕಾಣುತ್ತಿದ್ದಳು.

ಮೂರು ವರ್ಷ ತಡೆದುಕೊಂಡೆ. ನಾಲ್ಕನೆಯ ಬೇಸಿಗೆಯ ಒಂದು ಸಂಜೆ, ಪಕ್ಕದ ಮನೆಗೆ ಹೊಸದಾಗಿ ಬಂದವರಿಗೆ ಕಥೆ ಹೇಳಿ ಮುಗಿಸಿ ಮಾವ ತಾರಸಿ ಮೇಲೆ ಕೂತಿದ್ದರು. ನಾನು ಸಂಡಿಗೆ ಎತ್ತಿಡುತ್ತಿದ್ದೆ.

"ಮಾವ, ಅವತ್ತು ನಿಮ್ಮ ಕೈಯಿಂದ ಕ್ಯಾನ್ ತಗೊಂಡಾಗ್ಲೇ ನಂಗೆ ಗೊತ್ತಾಗಿತ್ತು" ಎಂದೆ.

"ಏನು?"

"ಬಿಸಿಲು ಬಡಿದಿದೆ ಅಂತ. ನಿಮಗೆ ಬೆವರೇ ಇರ್ಲಿಲ್ಲ. ಗೊತ್ತಿದ್ದೂ ಸುಮ್ನಿದ್ದೆ. ಗೊತ್ತಿದ್ದೂ ಹಂಡೆಗೆ ಉರಿ ಹಾಕ್ದೆ. ನೀವು ಅಪ್ಪನ್ನ ಆಡ್ಕೊಂಡಿದ್ರಿ ಅಂತ ಕೋಪ ಇತ್ತು."

ಮಾವ ನನ್ನನ್ನು ನೋಡಲಿಲ್ಲ. ಸಂಡಿಗೆಯ ಬಟ್ಟೆಯ ಮೇಲೆ ಉಳಿದಿದ್ದ ಒಂದು ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಅದನ್ನು ನಿಧಾನಕ್ಕೆ ಅಗಿದು ನುಂಗಿದರು.

"ಹೇಳಿದ್ರೂ ನಾನು ಕೇಳ್ತಿದ್ನೇನಮ್ಮ?" ಎಂದರು ಕೊನೆಗೆ, ಮೆತ್ತಗೆ.

ಕೇಳುತ್ತಿರಲಿಲ್ಲ. ಖಂಡಿತ ಕೇಳುತ್ತಿರಲಿಲ್ಲ, ಇನ್ನೊಂದು ಫ್ಯಾನಿನ ಜೋಕು ಹೊಡೆಯುತ್ತಿದ್ದರು. ಆದರೆ ನಾನು ಹೇಳಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಎದ್ದು, ಸಂಡಿಗೆ ಡಬ್ಬದ ಮುಚ್ಚಳ ಹಾಕಿಕೊಟ್ಟು ಒಳಗೆ ಹೋದರು.

ಆಮೇಲೆ ಹನ್ನೊಂದು ವರ್ಷ ಬದುಕಿದ್ದರು. ನನ್ನನ್ನು ಮೊದಲಿಗಿಂತ ಹೆಚ್ಚು ಅಕ್ಕರೆಯಿಂದಲೇ ನೋಡಿಕೊಂಡರು, ಜಗಳ ಆಡಿದರು, ಜೋಕು ಹೊಡೆದರು. ಆ ಕಥೆಯನ್ನು ಮಾತ್ರ ಮತ್ತೆ ಯಾರಿಗೂ ಹೇಳಲಿಲ್ಲ.